ಹೊಗೆಸೊಪ್ಪಿನ ಡಬ್ಬಿಗಳು ಮತ್ತು ಮಾವನ ಮೂಗು

ನಾನು ಬೀಡಿ, ಸಿಗರೇಟು ಯಾವುದನ್ನೂ ಸೇದಿದವಳಲ್ಲ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಔಷಧಿ ಕೊಡುವ ಕೆಲಸ ನನ್ನದು. ಕಿಟಕಿಯಾಚೆ ಕೆಮ್ಮುತ್ತ ನಿಂತವರಿಗೆ ಮಾತ್ರೆಯ ಜೊತೆ "ಬೀಡಿ ಬಿಡ್ರಿ" ಎಂದು ಪುಕ್ಕಟೆ ಬುದ್ಧಿಯನ್ನೂ ಕೊಡುತ್ತೇನೆ. ಅಂಥವಳು ಮನೆಗೆ ಬಂದು ಹೊಗೆಸೊಪ್ಪಿಗೆ ಬೆಲ್ಲದ ನೀರು ಚಿಮುಕಿಸುತ್ತ ಕೂರುತ್ತಿದ್ದೆ ಎಂದರೆ ನಗಬೇಡಿ. ನಮ್ಮ ಮನೆಯವರು ಈಗಾಗಲೇ ಸಾಕಷ್ಟು ನಕ್ಕಿದ್ದಾರೆ.

ಶುರುವಾಗಿದ್ದು ಅವರಿಂದಲೇ. ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರೊಬ್ಬರು ಅವರಿಗೊಂದು ಮರದ ಪೈಪು ಕೊಟ್ಟರು. ಅದಕ್ಕೆ ತಕ್ಕ ತಂಬಾಕು ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಸಂತೆಯ ಹೊಗೆಸೊಪ್ಪನ್ನೇ ಪುಡಿ ಮಾಡಿ ತುಂಬಿ ಎಳೆದರು. ಎರಡನೇ ದಮ್ಮಿಗೆ ಬಿಕ್ಕಳಿಕೆ, ನಾಲ್ಕನೆಯದಕ್ಕೆ ತಲೆಸುತ್ತು. ಕಟ್ಟೆಯ ಮೇಲೆ ಅಂಗಾತ ಮಲಗಿ, "ಇದರ ಘಾಟು ಇಳಿಸಾಕ ನಿನ್ನ ಕಡೆ ಏನಾರ ಐತೇನು?" ಎಂದರು. ಚೆನ್ನಾಗಿ ಬೈದೆ. ಬೈದು ಮುಗಿಸಿದ ಮೇಲೂ ಆ ಪ್ರಶ್ನೆ ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಘಾಟು ಎಂದರೆ ಏನು? ಅದನ್ನು ಇಳಿಸಬಹುದೇ, ಇಲ್ಲ ಬರೀ ಮುಚ್ಚಬಹುದೇ?

ಎಲೆಯ ದಂಟು ಕಿತ್ತು, ಈಳಿಗೆಯಲ್ಲಿ ಸಣ್ಣಗೆ ಹೆಚ್ಚಿ, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಒಂದು ತಿಂಗಳು ಇಡ್ಲಿಯೆಲ್ಲ ಹೊಗೆಸೊಪ್ಪು ನಾರಿತು. ಪೈಪು ತಮ್ಮದೇ ಆದ್ದರಿಂದ ನಮ್ಮ ಮನೆಯವರು ತಕರಾರಿಲ್ಲದೆ ತಿಂದರು. ಜೇನು ಬೆರೆಸಿದ್ದು ಪೈಪಿನೊಳಗೆ ಗೊಳಗೊಳ ಅಂದಿತು. ಲವಂಗ ಹಾಕಿದ್ದು ಹಲ್ಲಿನ ಡಾಕ್ಟರ ಕೋಣೆಯಂತಾಯಿತು. ಬೆಲ್ಲ ಹೆಚ್ಚಾದದ್ದಕ್ಕೆ ಇರುವೆ ಮುತ್ತಿದವು. ಒಣ ಅಂಜೂರ ನೆನೆಸಿದ ನೀರು ಚಿಮುಕಿಸಿ, ಒತ್ತಿ ಕಟ್ಟಿ, ರುಬ್ಬುಗುಂಡಿನ ಕೆಳಗೆ ಎಂಟು ದಿನ ಇಟ್ಟದ್ದು ಮಾತ್ರ ಬೇರೆಯೇ ಆಗಿ ಬಂತು. ಮೂರನೇ ದಿನ ಹುಳಿ ವಾಸನೆ, ಐದನೇ ದಿನ ಹಸಿ ಹುಲ್ಲಿನ ವಾಸನೆ, ಎಂಟನೇ ದಿನ ಬಿಚ್ಚಿದಾಗ ಯಾರೋ ಪಕ್ಕದ ಮನೆಯಲ್ಲಿ ಹೋಳಿಗೆಯ ಹೂರಣ ಕಾಯಿಸುತ್ತಿದ್ದಾರೇನೋ ಅನ್ನಿಸಿತು. ಅದೇ ಎಲೆ, ಅದೇ ನೀರು. ಒಳಗೆ ಏನು ನಡೆಯಿತು ಎಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ನಮ್ಮ ಮನೆಯವರ ಪೈಪಿನ ಹುಚ್ಚು ಅಷ್ಟರಲ್ಲಿ ಇಳಿದಿತ್ತು. ನನ್ನದು ಏರಿತ್ತು. ಡಬ್ಬಿಗಳಿಗೆ ನಂಬರು ಹಾಕಿ, ಯಾವುದಕ್ಕೆ ಎಷ್ಟು ಗ್ರಾಂ ಎಲೆ, ಎಷ್ಟು ಚಮಚ ನೀರು ಎಂದು ಬರೆದಿಟ್ಟುಕೊಳ್ಳತೊಡಗಿದೆ.

ಇದನ್ನೆಲ್ಲ ತಿಳಿದವನೆಂದರೆ ಕೊಟ್ಟೂರಿನ ನನ್ನ ಸೋದರಮಾವ, ಅವ್ವನ ತಮ್ಮ. ನಲವತ್ತು ವರ್ಷ ಇಟ್ಟಿಗಿ, ಹೊಸಹಳ್ಳಿ, ಕೂಡ್ಲಿಗಿ ಎಂದು ಸಂತೆಯಿಂದ ಸಂತೆಗೆ ಹೊಗೆಸೊಪ್ಪು ಮಾರಿದವನು. ಆ ವ್ಯಾಪಾರದಲ್ಲಿ ಕಣ್ಣನ್ನು ನಂಬುವವರಿಲ್ಲ. ಎಲೆಯ ತುದಿ ಮುರಿದು, ಅಂಗೈಯಲ್ಲಿ ತಿಕ್ಕಿ, ಬೊಗಸೆ ಮಾಡಿ ಮೂಗಿಗೆ ಹಿಡಿಯಬೇಕು. ಮಾವ ಹಾಗೆ ಹಿಡಿದು, ಇದು ಕರಿ ನೆಲದ್ದು, ಇದು ಕೆಂಪು ಮಸಾರಿ ನೆಲದ್ದು, ಇದು ಮಳೆಗೆ ಸಿಕ್ಕಿದ್ದು ಎಂದರೆ ಸಂತೆಯಲ್ಲಿ ಎದುರಾಡುವವರೇ ಇರಲಿಲ್ಲ. ಕೊರೊನಾ ಬಂದುಹೋದ ಮೇಲೆ "ವಯಸ್ಸಾತು" ಎಂದು ವ್ಯಾಪಾರ ನಿಲ್ಲಿಸಿದ. ಆದರೂ ಮೂಟೆ ಕೊಳ್ಳುವ ಮುಂಚೆ ವ್ಯಾಪಾರಿಗಳು ಅವನನ್ನು ಕರೆಸಿಕೊಳ್ಳುತ್ತಲೇ ಇದ್ದರು. ಆ ಹೆಸರೇ ಅವನ ಆಸ್ತಿ.

ಭಾನುವಾರ ಬಸ್ಸಿಗೆ ಬಂದು, ಮೊದಲು ಅಡುಗೆಮನೆಯಲ್ಲಿ ನನ್ನೊಡನೆ ಹರಟೆ ಹೊಡೆದು, ಆಮೇಲೆ ಡಬ್ಬಿಗಳ ಮುಂದೆ ಕೂರುತ್ತಿದ್ದ. ಒಂದು ಚಿಟಿಕೆ ತೆಗೆದು ತಿಕ್ಕಿ, ಕಣ್ಣು ಮುಚ್ಚಿ, "ಇದಕ್ಕ ಬೆಲ್ಲ ಹಾಕೀದಿ. ಇದು ಅಂಜೂರ. ಇದಕ್ಕ ಏನೋ ಎಣ್ಣಿ ಅಂಶ ಐತಿ, ಕೊಬ್ಬರಿ ಏನು?" ಎನ್ನುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ. ನನಗೆ ಆಶ್ಚರ್ಯವೂ ಹೆಮ್ಮೆಯೂ ಒಟ್ಟಿಗೇ ಆಗುತ್ತಿದ್ದವು.

ಜಡಿಮಳೆಯ ಒಂದು ವಾರದಲ್ಲಿ ಏಳನೇ ಡಬ್ಬಿಗೆ ಬೂಷ್ಟು ಹಿಡಿಯಿತು. ಚೆಲ್ಲಬೇಕೆಂದು ಪಕ್ಕಕ್ಕಿಟ್ಟಿದ್ದೆ. ಮಾವ ಅದನ್ನೇ ಎತ್ತಿಕೊಂಡ. ಮುಚ್ಚಳ ತೆಗೆದದ್ದೇ ತಡ, ಪಡಸಾಲೆಯಲ್ಲಿದ್ದ ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ಎದ್ದು ಹೋದರು. ಮಾವ ಮಾತ್ರ ದೀರ್ಘವಾಗಿ ಉಸಿರೆಳೆದು, "ಅಂಜೂರ. ಚಲೋ ಹದ ಆಗೈತಿ ಬಿಡು" ಎಂದ. ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ನನ್ನ ಕುತೂಹಲ ಒಳ್ಳೆಯದೇನಲ್ಲ, ಹಲ್ಲಿಗೆ ಸಿಕ್ಕ ನಾರಿನ ಹಾಗೆ, ತೆಗೆಯುವವರೆಗೆ ಬಿಡುವುದಿಲ್ಲ. ಮುಂದಿನ ಭಾನುವಾರಕ್ಕೆ ಒಂದು ಡಬ್ಬಿಯ ಎಲೆಗೆ ಬರೀ ನೀರು ಚಿಮುಕಿಸಿಟ್ಟೆ. ಅಂದು ಅಡುಗೆಮನೆಯ ಡಬ್ಬಗಳನ್ನೆಲ್ಲ ಅವನ ಕಣ್ಣಿಗೆ ಬೀಳದಂತೆ ಒಳಗೆ ಸರಿಸಿದೆ, ಹರಟೆಯಲ್ಲೂ ಸುಳಿವು ಕೊಡಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಾವನ ಮೂಗಿನ ಬಗ್ಗೆ ಕೊಚ್ಚಿಕೊಂಡಿದ್ದೆನಲ್ಲ, ನೋಡಲೆಂದು ಪೈಪು ಕೊಟ್ಟ ಗೆಳೆಯರನ್ನೂ ಊಟಕ್ಕೆ ಕರೆದಿದ್ದೆ.

ಮಾವ ಆ ಡಬ್ಬಿಯಿಂದ ಚಿಟಿಕೆ ತೆಗೆದ. ತಿಕ್ಕಿದ. ಇನ್ನೊಮ್ಮೆ ತಿಕ್ಕಿದ. ನನ್ನ ಮುಖ ನೋಡಿದ. ಗೆಳೆಯರು ಮುಂದಕ್ಕೆ ಬಾಗಿ ಕೂತಿದ್ದರು.

"ಏಲಕ್ಕಿ," ಎಂದ ಮಾವ.

ನಮ್ಮ ಮನೆಯವರಿಗೆ ಅದರಲ್ಲಿ ಏನಿದೆ ಎಂದು ಗೊತ್ತಿತ್ತು. ಅವರು ಬಾಯಿ ತೆರೆಯುವ ಮುಂಚೆಯೇ ನಾನು "ಹೌದು ಮಾವ, ಏಲಕ್ಕಿ" ಎಂದುಬಿಟ್ಟೆ. ಗೆಳೆಯರು ಚಪ್ಪಾಳೆ ತಟ್ಟಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುತ್ತ ಮಾವ ಕೇಳಿದ, "ಬರೇ ನೀರು ಹಾಕಿದ್ದಿ, ಹೌದಿಲ್ಲ?"

"ಹೆಂಗ ಗೊತ್ತಾತು?"

"ನಿನ್ನ ಮಾರಿ ನೋಡಿ. ಮಂದಿ ಮಾರಿ ನೋಡೇ ಹೇಳಾಕತ್ತೀನಿ ಇಷ್ಟು ದಿನ. ಬೆಲ್ಲ ಬೆರಳಿಗೆ ಅಂಟತೈತಿ, ಅಂಜೂರದ ಬೀಜ ಸಿಗತಾವ. ಉಳಿದದ್ದು ಮಾರೋನ ಕಣ್ಣಾಗ ಇರತೈತಿ." ತೊಳೆದ ಕೈಯನ್ನೇ ಮತ್ತೆ ತೊಳೆದ. "ಆ ಕೊರೊನಾ ಜ್ವರ ಬಂದಾಗ ಹೋದ ಮೂಗು ಯವ್ವಾ, ತಿರುಗಿ ಬರಲೇ ಇಲ್ಲ. ಅದಕ್ಕ ವ್ಯಾಪಾರ ಬಿಟ್ಟೆ. ಯಾರ ಮುಂದೂ ಅನಬ್ಯಾಡ."

ಆ ವರ್ಷ ಆಸ್ಪತ್ರೆಯ ಕಿಟಕಿಯಾಚೆ ನಿಂತ ಎಷ್ಟೋ ಜನರಿಗೆ "ವಾಸನಿ ಬರತೈತೇನ್ರಿ?" ಎಂದು ಕೇಳಿದವಳು ನಾನು. ಮಾವ ಜ್ವರದಿಂದೆದ್ದಾಗ ಫೋನಿನಲ್ಲಿ "ಉಂಡ್ಯಾ?" ಎಂದು ಮಾತ್ರ ಕೇಳಿದ್ದೆ. ನಾಚಿಕೆಯಾಯಿತು, ಅಳುವೂ ಬಂತು. "ತಪ್ಪಾತು ಮಾವ" ಎಂದೆ.

"ಅತ್ತು ಏನು ಮಾಡ್ತಿ? ಒಂದು ಕೇಳ್ತೀನಿ, ಸುಳ್ಳು ಹೇಳಬಾರದು," ಎಂದು ಹೆಗಲ ಮೇಲಿನ ಟವಲು ಸರಿಸಿ ನನ್ನ ಹತ್ತಿರ ಬಂದ. "ನಲವತ್ತು ವರ್ಷ ನಿಮ್ಮತ್ತಿ ಮೈಯೆಲ್ಲ ಹೊಗಿಸೊಪ್ಪು ನಾರತೈತಿ ಅಂತ ಜಗಳ ಮಾಡಿದಳು. ಈಗೀಗ ಸುಮ್ಮನದಾಳ. ನಂಗ ತಿಳಿಯವಲ್ಲದು. ಇನ್ನೂ ಐತೇನು ನೋಡು."

ಅವನ ಭುಜಕ್ಕೆ ಮೂಗು ಹಚ್ಚಿದೆ. ಒಗೆದು ಬಿಸಿಲಿಗೆ ಒಣಗಿಸಿದ ಅಂಗಿ. ಸೋಪು, ಸ್ವಲ್ಪ ಬೆವರು. ಮತ್ತೊಮ್ಮೆ ಎಳೆದುಕೊಂಡೆ, ಕೊರಳ ಹತ್ತಿರ, ಕಿವಿಯ ಹಿಂದೆ. ಇನ್ನೇನೂ ಇರಲಿಲ್ಲ.

"ಸೋಪಿನ ವಾಸನಿ ಬರತೈತಿ ಮಾವ," ಎಂದೆ.

ಅವನು ಟವಲಿನಿಂದ ಕೈ ಒರೆಸಿಕೊಂಡ.

"ಯಾವಾಗ ಹೋತೋ ಏನೋ," ಎಂದ. "ನಿಮ್ಮತ್ತಿ ಹೇಳಲೇ ಇಲ್ಲ ನೋಡು."