ಶಾರದತ್ತೆ ಮನೆಯ ಎಳ್ಳು

ಶಾರದತ್ತೆಯ ಮನೆಯಲ್ಲೇ ಹುರಿದ ಎಳ್ಳನ್ನು ನಾನು ಎಂದಾದರೂ ತಿಂದಿದ್ದೇನೋ ಇಲ್ಲವೋ, ಖಂಡಿತವಾಗಿ ಹೇಳಲಾರೆ. ಇವತ್ತು ಬೆಳಿಗ್ಗೆ ಮಹಡಿಯ ಮೇಲಿನವರು ಎಳ್ಳು ಹುರಿಯುತ್ತಿದ್ದರು. ಆ ವಾಸನೆ ಕಿಟಕಿಯಿಂದ ಇಳಿದು ಬಂದಾಗ ಬೆಚ್ಚಗಿನ ಎಳ್ಳು, ಕೊಬ್ಬರಿ ಚೂರು, ಅಂಗೈಗಂಟಿದ ಬೆಲ್ಲ ಎಲ್ಲವೂ ನೆನಪಾದವು. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಗೂ ಪುಟ ತುಂಬಿಸಿ ಬರುವ ಜಾಯಮಾನ ಅದರದು.

ಅನುಮಾನಕ್ಕೆ ಕಾರಣವಿದೆ. ಹೊಳೆನರಸೀಪುರದ ಆ ಮನೆಯಲ್ಲಿ ಎಳ್ಳು ಹುರಿಯುವಂತೆಯೇ ಇರಲಿಲ್ಲ. ಅತ್ತೆಗೆ ಮೂರ್ಛೆ ಬರುತ್ತಿತ್ತು. ಅದು ಬರುವ ಮುಂಚೆ ಎಲ್ಲಿಂದಲೋ ಎಳ್ಳು ಹುರಿದ ವಾಸನೆ, ಅವರೊಬ್ಬರ ಮೂಗಿಗೆ ಮಾತ್ರ. ಕೈಯಲ್ಲಿದ್ದುದನ್ನು ಕೆಳಗಿಟ್ಟು, "ನಿಂಗೂ ಬಂತಾ?" ಎಂದು ಕೇಳುತ್ತಿದ್ದರು. "ಇಲ್ಲ ಅತ್ತೆ" ಅಂದರೆ ಸುಮ್ಮನೆ ಚಾಪೆಯ ಮೇಲೆ ಒರಗುತ್ತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ಆ ಮನೆಯಲ್ಲಿ ಯಾರೂ ತಮಾಷೆಗೂ ಸುಳ್ಳು ಹೇಳದ ಪ್ರಶ್ನೆ ಅದೊಂದೇ. ನಿಜವಾದ ಎಳ್ಳು ಹುರಿದರೆ ಗುರುತು ತಪ್ಪೀತೆಂದು ಸಂಕ್ರಾಂತಿಯ ಎಳ್ಳು ಪಕ್ಕದ ಮನೆಯಿಂದ ಬರುತ್ತಿತ್ತು. "ಒಂದು ವರ್ಷವಾದ್ರೂ ನಮ್ಮನೆ ಎಳ್ಳು ಬೀರಬೇಕು ಕಣೋ" ಎನ್ನುವುದು ಅವರ ಆಸೆ. ಮೂರ್ಛೆಗೆ ಡಾಕ್ಟರು ಕೊಟ್ಟ ಮಾತ್ರೆಯ ಮಂಪರಿನಲ್ಲಿ, ಮಧ್ಯಾಹ್ನದ ಬಿಸಿಲು ಹಜಾರದಲ್ಲಿ ಹರಿದಾಡುವಾಗ, ಅರ್ಧ ನಿದ್ದೆಯಲ್ಲೇ ಹೇಳುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ, ಒಬ್ಬರು ಇನ್ನೊಬ್ಬರನ್ನು ಸೇರಿಸುತ್ತಾ ಹೋಗುವ ವ್ಯಾಪಾರ ನಮ್ಮ ಕಡೆಗೂ ಬಂತು. ಮಾವನ ಪರಿಚಯದ ಪುಟ್ಟರಾಜು ಚನ್ನರಾಯಪಟ್ಟಣದಿಂದ ವಿಟಮಿನ್ ಡಬ್ಬಿಯೊಂದನ್ನು ತಂದು ಅತ್ತೆಯ ಮುಂದಿಟ್ಟ.

"ಇದು ಔಸ್ದಿ ಅಲ್ಲ ಕಣಮ್ಮ, ಆಹಾರ. ಮೆದುಳಿಗೆ ಊಟ ಇದ್ದಂಗೆ. ಆ ಮಾತ್ರೆ ಬುಟ್ಬುಡಿ. ತೂಕಡಿಕೆನೂ ಓಯ್ತದೆ, ಪಿಟ್ಸೂ ಓಯ್ತದೆ."

ಅತ್ತೆಯ ಕಣ್ಣು ಅರಳಿತು. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ನನ್ನ ಕಡೆ ತಿರುಗಿದರು.

"ಇದ್ರಿಂದ ವಾಸಿಯಾಗುತ್ತೆ ಅನ್ನೋಕೆ ಆಧಾರ ಇಲ್ಲ ಅತ್ತೆ."

"ಆಗಲ್ಲ ಅನ್ನೋಕೆ ಇದೆಯಾ?"

"ಅದೂ ನಂಗೆ ಗೊತ್ತಿಲ್ಲ."

"ಇಷ್ಟು ಹೇಳೋಕೆ ಮೈಸೂರಿಗೆ ಹೋಗ್ಬೇಕಿತ್ತೇನೋ?"

ಡಬ್ಬಿಯನ್ನು ತಿರುಗಿಸಿ ನೋಡಿ, "ಆದ್ರೆ ನಾಳೆ ಏಕಾದಶಿ. ಆಹಾರ ಅಂದ್ಮೇಲೆ ನಡೆಯಲ್ಲ" ಎಂದರು.

"ಅಂಗಾರೆ ನಾಳೆ ಒಂದಿನ ಆ ಮಾತ್ರೆನೇ ತಕ್ಕಳಿ ಬುಡಿ."

"ಅದೂ ಇಲ್ವಲ್ಲಪ್ಪ. ಊಟ ಆದ ಮೇಲೆ ತಗೊಳ್ಳಿ ಅಂತ ತಾನೆ ಡಾಕ್ಟ್ರು ಹೇಳಿರೋದು. ಏಕಾದಶಿ ದಿನ ಊಟ ಎಲ್ಲಿ?"

ಕಾಫಿ ತರುತ್ತಿದ್ದ ಅತ್ತೆಯ ಮಗಳು ವತ್ಸಲ ಬಾಗಿಲಲ್ಲೇ ನಿಂತಳು. "ಅಮ್ಮ, ನಿಂಗೆ ದ್ವಾದಶಿ ದಿನವೇ ಅಲ್ವಾ ಹೆಚ್ಚಾಗಿ ಬರೋದು?"

ಪುಟ್ಟರಾಜು ಕೂಡ ಬೆರಳು ಮಡಚಿ ಲೆಕ್ಕ ಹಾಕಿದ: ಏಕಾದಶಿಗೆ ಮಾತ್ರೆ ಇಲ್ಲ, ಮಾರನೇ ದಿನ ದ್ವಾದಶಿ.

ಹಾಸನದ ಡಾಕ್ಟರು ಎಲ್ಲ ಕೇಳಿ, "ಊಟ ಇಲ್ಲದ ದಿನವೂ ಮಾತ್ರೆ ಇದೆ ಅಮ್ಮ. ಹಾಲು ಕುಡಿದು ತಗೊಳ್ಳಿ" ಎಂದರಂತೆ. ಡಬ್ಬಿಯ ಮೇಲಿನದನ್ನು ಓದಿ, "ಇದರಿಂದ ಗುಣವಾಗುತ್ತೆ ಅಂತ ನಾನು ಹೇಳಲಾರೆ. ತಿಂದರೂ ಮಾತ್ರೆ ಮಾತ್ರ ಬಿಡಬೇಡಿ" ಎಂದೂ ಹೇಳಿದರಂತೆ.

ತಂದದ್ದು ದಂಡವಾಗಬಾರದೆಂದು ಅತ್ತೆ ಡಬ್ಬಿಯನ್ನೂ ಮುಗಿಸಿದರು. ಎಳ್ಳಿನ ವಾಸನೆ ಅಪರೂಪವಾಯಿತು, ಆಮೇಲೆ ನಿಂತೇಹೋಯಿತು. ತನ್ನ ಡಬ್ಬಿಯ ಮಹಿಮೆ ಎಂದು ಪುಟ್ಟರಾಜು ನುಗ್ಗೇಹಳ್ಳಿಯವರೆಗೂ ಸಾರಿಕೊಂಡು ಬಂದ. ಎರಡನ್ನೂ ಒಟ್ಟಿಗೆ ತಿಂದರೆ ಯಾವುದು ಕೆಲಸ ಮಾಡಿತೆಂದು ಹೇಳುವುದು ಹೇಗೆ ಎಂದು ನಾನು ಕುದಿದೆ. ಡಬ್ಬಿ ಖಾಲಿಯಾಗಿ ತಿಂಗಳುಗಳು ಕಳೆದರೂ ವಾಸನೆ ಮರಳಲಿಲ್ಲ. "ನೋಡಿದ್ರಾ ಅತ್ತೆ?" ಎಂದು ಬೀಗಿದೆ.

"ನೋಡ್ದೆ ಕಣೋ. ಆದ್ರೆ ಅವನು ಬರದೇ ಇದ್ದಿದ್ರೆ ಏಕಾದಶಿ ಮಾತು ಎತ್ತೋರು ಯಾರು?"



ಇನ್ನು ನಾನು ನಂಬದ ಆ ನೆನಪು. ಒಂದು ಸಂಕ್ರಾಂತಿ, ಅಡುಗೆಮನೆಯಲ್ಲಿ ತೆಳು ಹೊಗೆ. ಅತ್ತೆ ಬಾಣಲೆಯ ಮುಂದೆ ಕೂತು ಕೈಯಾಡಿಸುತ್ತಾ, ತಿರುಗಿ ನೋಡದೆ ಕೇಳುತ್ತಾರೆ: "ನಿಂಗೂ ಬಂತಾ?" ನಾವೆಲ್ಲ ಒಟ್ಟಿಗೆ "ಬಂತು" ಅನ್ನುತ್ತೇವೆ. ಇಷ್ಟು ಸೊಗಸಾಗಿರುವುದು ನಡೆದಿರಲಾರದು, ನಾನೇ ಕಟ್ಟಿಕೊಂಡಿರಬೇಕು ಅಂದುಕೊಂಡಿದ್ದೆ. ಅತ್ತೆ ಈಗಿಲ್ಲ. ಇವತ್ತು ತಡೆಯಲಾರದೆ ಅರಕಲಗೂಡಿನಲ್ಲಿರುವ ವತ್ಸಲಳಿಗೆ ಫೋನ್ ಮಾಡಿ, ನಾವು "ಬಂತು" ಅಂದದ್ದು ನಿಜವೇ ಎಂದು ಕೇಳಿದೆ.

"ಯಾರು ಏನಂದ್ರೋ ನೆನಪಿಲ್ಲ ಕಣೋ. ಆದ್ರೆ ಅಮ್ಮ ಹುರಿದಿದ್ದು ನಿಜ. ಅಭ್ಯಾಸ ಇರ್ಲಿಲ್ಲ ನೋಡು, ಸೀಯಿಸಿಬಿಟ್ಟಿದ್ಳು. ಅದನ್ನೇ ಬೀದಿಗೆಲ್ಲ ಬೀರಿ ಬಂದ್ಳು."