ಮಾಸ್ತರ ಬಾಟಲಿಗೆ ಕೆರೆಯ ನೀರು

ದಸ್ತಗೀರ ಮಾಸ್ತರ ಅಂಗಿಯ ಎಡಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರಲ್ಲಿದ್ದದ್ದು ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ. ಸಾರವಾಡದ ಸಾಲಿಯಲ್ಲಿ ನಮಗೆ ವಿಜ್ಞಾನ ಕಲಿಸಿದವರು, ನಿವೃತ್ತರಾದ ಮೇಲೆ ಕೆರೆಗೆ ಹಾಜರಿ ಹಾಕತೊಡಗಿದರು. ತಳದ ಕೆಸರು ತಂದು, ಹಳೆ ಪೇಪರಿನ ಮೇಲೆ ಒಣಗಿಸಿ, ಅಡಿಯಿಂದ ಅಯಸ್ಕಾಂತ ಆಡಿಸುವರು. ಮೇಲೆ ಕಪ್ಪು ಪುಡಿ ಇರುವೆಸಾಲಿನಂತೆ ಹೊರಡುತ್ತಿತ್ತು.

"ಇದನ್ನ ಯಾವ ಕಂಬಾರ ಮಾಡ್ಯಾನ ಹೇಳು?" ಅಂತ ಕೇಳಿ, ಉತ್ತರವನ್ನೂ ತಾವೇ ಕೊಡುವರು. "ಕಣ್ಣಿಗೆ ಕಾಣದ ಜೀವ. ಕೆಸರಿನ ತಳದಾಗ ಗಾಳಿ ಇಲ್ಲ. ಅದಕ್ಕ ಅವು ತುಕ್ಕನ್ನ ಉಸಿರಾಡ್ತಾವ. ಕೆಂಪು ತುಕ್ಕು ಹೋಗಿ ಕರೀ ಕಲ್ಲಿನ ಹಳ್ಳು ಆಗ್ತದ."

ನನಗೆ ಬಬಲೇಶ್ವರದಲ್ಲಿ ಡ್ರಿಪ್ ಪೈಪಿನ ಅಂಗಡಿ. ಪೈಪಿನ ಸುರುಳಿ ಹೆಗಲ ಮೇಲೆ ಹೊತ್ತು ತೋಟ ತೋಟ ತಿರುಗಿ ಕಟ್ಟಿದ್ದು. ಲಾಭವಿಲ್ಲದ ಮಾತಿಗೆ ಕಿವಿ ಕೊಡುವವನಲ್ಲ ನಾನು. ಆದರೂ ಮಾಸ್ತರು ಬಂದರೆ ಸ್ಟೂಲು ಎಳೆಯುತ್ತಿದ್ದೆ. ಕೆರೆಯ ಹೂಳು ತೆಗೆಸಿದಾಗ ಒಂದು ಹಳೆಯ ಎಮ್ಮೆ ಎಲುಬನ್ನು ಹಸಿ ಕೆಸರಿನ ಸಮೇತ ತಂದು, ತೊಳೆದು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. ಅದಕ್ಕೆ ಅಂಟಿದ್ದ ಕಬ್ಬಿಣದ ಬಿಳಿ ಹರಳು ಎರಡನೇ ಚಾ ಬರುವಷ್ಟರಲ್ಲಿ ಗಾಳಿ ತಾಗಿ ನೀಲಿಗೆ ತಿರುಗಿತು. ಪೈಪು ಕೊಳ್ಳಲು ಬಂದವರೆಲ್ಲ ಎಲುಬು ನೋಡಿಕೊಂಡು ಮನೆಗೆ ಹೋದರು.

ಒಂದು ಬೇಸಿಗೆ ಕೆರೆಯ ಮಗ್ಗುಲಿನ ನನ್ನ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ಕಂಡಿತು. ಮೇಲೆ ಕೆರೆಯ ದಂಡೆಯಲ್ಲಿ ಪಕ್ಕದ ಹೊಲದ ಮಲ್ಲಪ್ಪನ ಡೀಸೆಲ್ ಎಂಜಿನ್. ಇನ್ನೇನು ಬೇಕು? ಅವನ ದ್ರಾಕ್ಷಿಗೆ ನೀರು ಹೋಗುವ ಪೈಪು ನನ್ನ ಹೊಲದಲ್ಲೇ ಹಾಯ್ದಿತ್ತು. ವಾಲ್ವ್ ಬಂದ್ ಮಾಡಿಬಿಟ್ಟೆ. ಆಗಷ್ಟೇ ಚಾಟನಿ ಮಾಡಿ ಕೊಂಬೆ ಸವರಿದ್ದ ಬಳ್ಳಿ ಹೊಸ ಚಿಗುರು ಒಡೆದಿತ್ತು. ನಾಲ್ಕು ದಿನ ನೀರು ತಪ್ಪಿದರೆ ಆ ವರ್ಷದ ತೋಟ ಹೋದಂತೆ. ಎಂಜಿನ್ ಸೋರಿಲ್ಲವೆಂದು ಅವನು ಆಣೆ ಮಾಡಿ ಹೇಳಿದರೂ ನಾನು ಕೇಳಲಿಲ್ಲ.

ಎರಡನೇ ದಿನ ಅವನೇ ಮಾಸ್ತರನ್ನು ಕರೆತಂದ. ಅವರು ಯಾರ ಪರವೂ ಮಾತಾಡಲಿಲ್ಲ.

"ನ್ಯಾಯ ಆಮ್ಯಾಲ. ಮೊದ್ಲ ಕಡ್ಡಿ," ಅಂದು ಜಾಲಿಯ ಕಡ್ಡಿ ಮುರಿದು, ಬಾವಿಯ ಮೆಟ್ಟಿಲಿಳಿದು ಪದರಕ್ಕೆ ಚುಚ್ಚಿದರು. ಅದು ಹಪ್ಪಳದಂತೆ ಚೂರಾಯಿತು. ಚೂರುಗಳು ಮತ್ತೆ ಕೂಡಲಿಲ್ಲ. ಆಮೇಲೆ ಒಂದು ಬಕೀಟು ನೀರಿಗೆ ಮಲ್ಲಪ್ಪನಿಂದ ನಾಲ್ಕು ಹನಿ ಡೀಸೆಲ್ ಹಾಕಿಸಿ ಅದಕ್ಕೂ ಚುಚ್ಚಿದರು. ಕಡ್ಡಿ ತೆಗೆದ ಕೂಡಲೇ ಪದರ ಮುಚ್ಚಿಕೊಂಡಿತು.

"ಬಾವ್ಯಾಗಿಂದು ಎಣ್ಣಿ ಅಲ್ಲ, ತುಕ್ಕು. ಕೆಸರಿನ್ಯಾಗ ಕರಗಿದ ಕಬ್ಬಿಣ ಬಾವಿಗೆ ಬಸದು ಬಂದದ. ಇಲ್ಲಿ ಗಾಳಿ ಸಿಗ್ತದ, ಬ್ಯಾರೆ ಜೀವಗಳು ಅದನ್ನ ಮತ್ತ ತುಕ್ಕು ಮಾಡಾಕತ್ತಾವ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಲೇ ಸಂಗ್ಯಾ, ಸಾಲ್ಯಾಗೂ ನೀ ಲೆಕ್ಕ ಬಿಟ್ಟು ಮೊದ್ಲ ಉತ್ತರ ಬರೀತಿದ್ದಿ."

ಮೊದಲು ನಕ್ಕವನು ಮಲ್ಲಪ್ಪ. ನಾನು ಹೋಗಿ ವಾಲ್ವ್ ತೆಗೆದೆ. ಬಳ್ಳಿ ಉಳಿಯಿತು.

ನಿಮ್ಮ ಬಾವಿಯಲ್ಲೂ ಇಂಥ ನೀರಿದ್ದರೆ ಕೇಳಿ: ಡ್ರಿಪ್ಪಿಗೆ ಬಿಡುವ ಮೊದಲು ತೊಟ್ಟಿಯಲ್ಲಿ ಒಂದು ದಿನ ನಿಲ್ಲಿಸಿ, ಕೆಂಪು ತುಕ್ಕು ಪೈಪಿನ ತೂತು ಕಟ್ಟುವ ಬದಲು ತಳಕ್ಕೆ ಕೂರಲಿ. ನನ್ನ ಅಂಗಡಿಯ ಫಿಲ್ಟರ್ ಆಮೇಲೆ ಕೊಂಡರಾಯಿತು.

ವಿಜಯಪುರದ ಮಗಳ ಮನೆಯಲ್ಲಿ ಇರಲು ಹೊರಟಾಗ ಮಾಸ್ತರು ಕೆರೆಯ ಕೆಸರು ತುಂಬಿದ ಗಾಜಿನ ಬಾಟಲಿ ತಂದು ನನ್ನ ಅಂಗಡಿಯಲ್ಲಿಟ್ಟರು. ಕೆಳಗೆ ಕಪ್ಪು, ಮೇಲೆ ಕೆಂಪು. ಏನು ಕೊಡಲಿ ಅಂತ ಕೇಳಿದೆ. "ಇದಕ್ಕ ವಾರಕ್ಕೊಮ್ಮೆ ಒಂದು ವಾಟಗ ಕೆರಿ ನೀರು ಹಾಕು, ಸಾಕು," ಅಂದರು. ಚೌಕಾಸಿ ಮಾಡದೆ ಒಪ್ಪಿದ ವ್ಯವಹಾರ ಅದೊಂದೇ.

ಹೋದ ವರ್ಷ ಮಾಸ್ತರು ತೀರಿಕೊಂಡರು. ನೀರನ್ನು ಈಗ ಮಲ್ಲಪ್ಪನೇ ತಂದು ಹಾಕುತ್ತಾನೆ. ಮೊನ್ನೆ ಬಾಟಲಿಯ ನೀರಿನ ಮೇಲೆ ಅದೇ ಬಣ್ಣದ ಪದರ ಕಟ್ಟಿತ್ತು. ಅವನು ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು ನನ್ನ ಕೈಗೆ ಕೊಟ್ಟ.

"ನೋಡಪಾ, ನನ್ನ ಡೀಸೆಲ್ಲ ಇರಬೇಕು."