ಅತ್ತಿಗೆ ಹೇಳಿ ಬರೆಸಿದ ಲೆಕ್ಕಗಳು

ಹೋಮ್‌ವರ್ಕಿನಲ್ಲಿ ವಿದ್ಯಾರ್ಥಿಗಳು ಮೈನಸ್ ಗುರುತು ಬಿಟ್ಟ ಕಡೆಯಲ್ಲೆಲ್ಲ ನಾನು ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕುತ್ತೇನೆ. ಹಾಕುವಾಗ ಬಾಯಿಗೆ ತಾನಾಗಿ ಒಂದು ಮಾತು ಬರುತ್ತದೆ: "ಮೈನಸ್ ಬುಟ್ಟೆ ಕಣವ್ವ." ಮೈಸೂರಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪಕ್ಕದ ಮೇಜಿನವರು ತಿರುಗಿ ನೋಡಿ ನಗುತ್ತಾರೆ. ನಗಲಿ. ಆ ಮಾತು ನನ್ನದಲ್ಲ, ನನ್ನ ಅತ್ತಿಗೆಯದು. ಇಂಪೀಡೆನ್ಸು, ಪವರ್ ಫ್ಯಾಕ್ಟರು ಅಂತ ನಾನೀಗ ಬೋರ್ಡಿನ ಮೇಲೆ ಧೈರ್ಯವಾಗಿ ಬರೆಯುತ್ತೇನಲ್ಲ, ಅದರಲ್ಲೂ ಮುಕ್ಕಾಲು ಪಾಲು ಅವಳದೇ.

ಪಿರಿಯಾಪಟ್ಟಣದ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಹುಣಸೂರಿಗೆ ಹೋಗಿ ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಕಲಿತವಳು. ಇಂಗ್ಲಿಷಿನ ಗಣಿತ ನನಗೆ ಕಬ್ಬಿಣದ ಕಡಲೆಯಾಗಿತ್ತು. ಎರಡನೇ ವರ್ಷಕ್ಕೆ ಬರುವ ಹೊತ್ತಿಗೆ ಅಣ್ಣನ ಮದುವೆಯಾಗಿ ಅತ್ತಿಗೆ ಮನೆಗೆ ಬಂದಳು. ಕೋಟೆ ತಾಲ್ಲೂಕಿನ ಹಂಪಾಪುರದ ಕಡೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಪಿಯುಸಿ ಸೈನ್ಸು ಮುಗಿಸಿ ಬಿ.ಎಸ್ಸಿ.ಯನ್ನೂ ಒಂದು ವರ್ಷ ಓದಿದ್ದಳಂತೆ. ಒಳ್ಳೆ ಸಂಬಂಧ ಬಂತು ಅಂತ ಬಿಡಿಸಿದರು. ಆ ಒಳ್ಳೆ ಸಂಬಂಧ ಅಂದರೆ ನಾವೇ.

ಅದು ಹೊಗೆಸೊಪ್ಪಿನ ಕಾಲ. ಬೆಳಿಗ್ಗೆ ಮುರಿದು ತಂದ ಹಸಿ ಎಲೆಯನ್ನು ಸೊಪ್ಪು ಬೇಯಿಸುವ ಬ್ಯಾರನ್ ಮುಂದಿನ ಚಪ್ಪರದಲ್ಲಿ ರಾಶಿ ಹಾಕುತ್ತಿದ್ದರು. ನಾನು ನಾಲ್ಕು ಗಂಟೆಯ ಬಸ್ಸಿಗೆ ಬರುವಷ್ಟರಲ್ಲಿ ಅತ್ತಿಗೆ ಎಲೆ ಜೋಡಿಸಿ ಕಡ್ಡಿಗೆ ಕಟ್ಟುತ್ತಾ ಕೂತಿರುತ್ತಿದ್ದಳು. ಒಂದು ದಿನ ನಾನೂ ಅಲ್ಲೇ ಗೋಣಿಚೀಲದ ಮೇಲೆ ಕೂತು, ಬಾರದ ಲೆಕ್ಕವೊಂದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಇನ್ನೂರ ಮೂವತ್ತು ವೋಲ್ಟು, ಇಂಪೀಡೆನ್ಸು ಆರು ಪ್ಲಸ್ ಜೆ ಎಂಟು, ಕರೆಂಟು ಎಷ್ಟು?

"ಹತ್ತು," ಅಂದಳು ಅತ್ತಿಗೆ ತಲೆ ಎತ್ತದೆ.

"ಏನ್ ಹತ್ತು?"

"ಆರರ ವರ್ಗ ಮೂವತ್ತಾರು, ಎಂಟರ ವರ್ಗ ಅರವತ್ನಾಕು, ಕೂಡಿದ್ರೆ ನೂರು. ಅದ್ರ ಮೂಲ ಹತ್ತು. ಇನ್ನೂರ್ ಮೂವತ್ನ ಹತ್ರಿಂದ ಭಾಗ್ಸು, ಇಪ್ಪತ್ಮೂರು ಬತ್ತದೆ. ನೋಡು ಇಂದ್ಗಡೆ ಉತ್ರ."

ಪುಸ್ತಕದ ಹಿಂದೆ ನೋಡಿದೆ. ಇಪ್ಪತ್ಮೂರು ಆಂಪಿಯರ್. ನಾನು ಪುಸ್ತಕ ತಗೊಂಡು ಅವಳ ಹತ್ತಿರ ಓಡಿದರೆ, "ಮುಟ್ಟುಸ್ಬ್ಯಾಡ, ದೂರ ಇಡ್ಕೊ!" ಅಂತ ಕಿರುಚಿದಳು. ಹಸಿ ಎಲೆಯ ಅಂಟು ಅವಳ ಎರಡೂ ಕೈಗೆ ಕರ್ರಗೆ ಮೆತ್ತಿತ್ತು. ಆ ಕೈಯಲ್ಲಿ ಪೆನ್ನು ಹಿಡಿದರೆ ಪೆನ್ನೂ ಹಾಳು, ಪುಸ್ತಕವೂ ಹಾಳು. ಹಾಗಾಗಿ ನಾನು ಲೆಕ್ಕ ಓದುವುದು, ಅವಳು ಎಲೆ ಕಟ್ಟುತ್ತಾ ಸಾಲು ಸಾಲಾಗಿ ಹೇಳುವುದು, ನಾನು ಬರೆದುಕೊಳ್ಳುವುದು ಅಂತ ಆಯಿತು. ಮುಂದಿನ ಎರಡು ವರ್ಷ ನನ್ನ ಓದು ನಡೆದದ್ದೇ ಹೀಗೆ.

ಮೈನಸ್ ಒಂದರ ವರ್ಗಮೂಲಕ್ಕೆ ನಾವು ಬರೆಯುವ ಜೆ ಮೇಲೆ ಮೊದಮೊದಲು ಅವಳಿಗೆ ಸಿಟ್ಟು. "ನಾವು ಐ ಅಂತಿದ್ದೋ. ಇದ್ಯಾವ್ದು ಜೆ?" ನಮ್ಮಲ್ಲಿ ಐ ಅಂದರೆ ಕರೆಂಟು, ಅದಕ್ಕೇ ಹೆಸರು ಬದಲಾಯಿಸಿದ್ದಾರೆ ಅಂದೆ. "ಓ, ಗಂಡನ್ ಮನೆಗ್ ಬಂದ್ಮೇಲೆ ಎಸ್ರು ಬದ್ಲಾಯ್ಸ್ದಂಗೆ," ಅಂತ ನಕ್ಕಳು. ಅವಳಿಗೆ ನಮ್ಮ ಮನೆಯಲ್ಲಿ ನಿಜಕ್ಕೂ ಹೊಸ ಹೆಸರಿಟ್ಟಿದ್ದೆವು. ನಾನೂ ನಕ್ಕೆ.

ನನ್ನ ರೋಗ ಮೈನಸ್ ಬಿಡುವುದು. ಭಾಗಿಸುವಾಗ ಗೆರೆಯ ಕೆಳಗಿನ ಆರು ಪ್ಲಸ್ ಜೆ ಎಂಟನ್ನು ಮೇಲಕ್ಕೆ ತಂದರೆ ಆರು ಮೈನಸ್ ಜೆ ಎಂಟು ಆಗಬೇಕು, ನಾನು ಪ್ಲಸ್ಸೇ ಬರೆಯುತ್ತಿದ್ದೆ. ಬರೆದದ್ದನ್ನು ಓದಿ ಹೇಳಿದರೆ ಸಾಕು, ಅವಳ ಕೈ ನಿಲ್ಲುತ್ತಿತ್ತು. "ಮೈನಸ್ ಬುಟ್ಟೆ ಕಣವ್ವ." ಆ ಮೈನಸ್ ಅಂದರೆ ಏನು ಅಂತ ಒಮ್ಮೆ ನಾನು ಅವಳಿಗೆ ಹೇಳಿದೆ. ನಮ್ಮ ಬೋರ್‌ವೆಲ್ಲಿನ ಮೋಟರಿನಲ್ಲಿ ಕರೆಂಟು ವೋಲ್ಟೇಜಿನ ಜೊತೆಜೊತೆಗೆ ಬರುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ, ಅದನ್ನೇ ಮೈನಸ್ ಹೇಳುವುದು ಅಂದೆ. ಅವಳು ಕಡ್ಡಿ ಕೆಳಗಿಟ್ಟು ಮೋಟರ್ ಮನೆ ಕಡೆ ನೋಡಿದಳು. "ಇದ್ನೆಲ್ಲಾ ಪಿಯುಸೀಲೇ ಮಾಡಿವ್ನಿ. ಯಾತಕ್ಕೆ ಅಂತ ಯಾರೂ ಯೋಳ್ನಿಲ್ವಲ್ಲವ್ವ!" ಅಷ್ಟು ಖುಷಿಯ ಮುಖವನ್ನು ಅವಳ ಮದುವೆ ಫೋಟೋದಲ್ಲೂ ನಾನು ನೋಡಿಲ್ಲ.

ಕಾಲೇಜಿನಲ್ಲಿ ನನ್ನ ನೋಟ್‌ಬುಕ್ಕನ್ನು ಇಡೀ ಕ್ಲಾಸಿಗೆ ಎತ್ತಿ ತೋರಿಸಿದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೈ ಅವಳದು, ಬಾಯಿ ನನ್ನದು.

ಕೊನೆಯ ವರ್ಷ, ಅದೇ ಚಪ್ಪರದಲ್ಲಿ, ಅವಳು ಒಂದೇ ಒಂದು ಸಲ ನನ್ನನ್ನು ಏನೋ ಕೇಳಿದಳು. "ಮನೇಲೇ ಕುಂತು ಓದಿ ಡಿಗ್ರಿ ಪರೀಕ್ಷೆ ಕಟ್ಬೋದಂತೆ. ನಿಮ್ಮಣ್ಣಂಗೆ ನೀನೊಂದ್ ಮಾತ್ ಯೋಳವ್ವ. ನಾ ಯೋಳುದ್ರೆ ಆಗಲ್ಲ, ನಿನ್ ಮಾತಾದ್ರೆ ಕೇಳ್ತಾರೆ." ನಿಜ, ಅಣ್ಣನಿಗೆ ನನ್ನ ಮಾತೆಂದರೆ ವೇದವಾಕ್ಯ. ಹೇಳುತ್ತೇನೆ ಅಂದೆ. ರಿಸಲ್ಟ್ ಬರಲಿ ಅಂದುಕೊಂಡೆ. ರಿಸಲ್ಟ್ ಬಂತು, ಇಂಜಿನಿಯರಿಂಗಿಗೆ ಸೇರಿದೆ, ಅಲ್ಲಿ ಇನ್ನೂ ಕಷ್ಟದ ಗಣಿತ. ಮುಚ್ಚಿಟ್ಟು ಪ್ರಯೋಜನವಿಲ್ಲ: ಅವಳು ತನ್ನ ಲೆಕ್ಕ ಮಾಡಲು ಕೂತರೆ ನನ್ನ ಲೆಕ್ಕ ಯಾರು ಮಾಡುತ್ತಾರೆ ಅನ್ನುವ ಯೋಚನೆಯೂ ನನಗೆ ಬಂದಿತ್ತು. ಆಮೇಲೆ ಅವಳಿಗೆ ಮಗಳು ಹುಟ್ಟಿದಳು, ನನಗೆ ಕೆಲಸ ಸಿಕ್ಕಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ. ನಮ್ಮ ಮನೆಯಲ್ಲಿ ಮಾತ್ರ ಎಲ್ಲ ಕಾಲವೂ ನಾದಿನಿಯದೇ ಆಗಿತ್ತು.

ಈಗ ಆ ಸಂಜೆಗಳು ನನಗೆ ಬೇಕು ಅನಿಸುತ್ತದೆ. ಎಷ್ಟು ಬೇಕು ಅಂದರೆ, ನನಗೆ ಬರುವ ಲೆಕ್ಕವೂ ಬಾರದೆ ಹೋಗಲಿ ಅನಿಸುವಷ್ಟು. ಹೋದ ಸೊಪ್ಪಿನ ಕಾಲದಲ್ಲಿ ಒಂದು ಭಾನುವಾರ ಊರಿಗೆ ಹೋದಾಗ ವಿದ್ಯಾರ್ಥಿಗಳ ನೋಟ್‌ಬುಕ್ಕುಗಳನ್ನು ತಿದ್ದುವ ನೆಪದಲ್ಲಿ ಚಪ್ಪರಕ್ಕೆ ತಗೊಂಡು ಹೋಗಿ ಅದೇ ಜಾಗದಲ್ಲಿ ಕೂತೆ. ಅತ್ತಿಗೆ ಕಡ್ಡಿ ಕಟ್ಟುತ್ತಿದ್ದಳು. ಆ ಹಳೇ ಲೆಕ್ಕವನ್ನೇ ಗಟ್ಟಿಯಾಗಿ ಓದಿದೆ. ಇನ್ನೂರ ಮೂವತ್ತು ವೋಲ್ಟು, ಆರು ಪ್ಲಸ್ ಜೆ ಎಂಟು. ಸಾಲು ಸಾಲಾಗಿ ಬಿಡಿಸುತ್ತಾ ಹೋಗಿ, ಮೂರನೇ ಸಾಲಿನಲ್ಲಿ ಬೇಕೆಂದೇ ಮೈನಸ್ ಬಿಟ್ಟೆ. ಹದಿಮೂರು ಪಾಯಿಂಟ್ ಎಂಟು ಪ್ಲಸ್ ಜೆ ಹದಿನೆಂಟು ಪಾಯಿಂಟ್ ನಾಲ್ಕು ಅಂದೆ. ಬೈಯಲಿ ಅಂತ ಕಾದೆ.

ಅವಳ ಕೈ ನಿಲ್ಲಲಿಲ್ಲ. ಎಲೆ ಜೋಡಿಸಿದಳು, ದಾರ ಸುತ್ತಿದಳು.

"ಸರಿಯಾಗೈತಾ ಅತ್ಗೆ?"

"ಸರಿಯಾಗೇ ಐತಲ್ಲವ್ವ, ಬುಡು."

ಮರೆತಿದ್ದಾಳೆ ಅಂದುಕೊಂಡೆ. ನೋಟ್‌ಬುಕ್ ಮುಚ್ಚಿ ಎಲೆ ಎತ್ತಿಕೊಡುತ್ತಾ ಕೂತೆ.

ಸಂಜೆ ಬಸ್‌ಸ್ಟಾಪಿನವರೆಗೆ ಅವಳೇ ಬಂದಳು, ಕೈಯಲ್ಲಿ ನನಗಾಗಿ ಮುರಿದ ಮುಸುಕಿನ ಜೋಳದ ಚೀಲ. ಬಸ್ಸು ಇನ್ನೂ ಬಂದಿರಲಿಲ್ಲ.

"ಬೇಕೂಂತಲೇ ಬುಟ್ಟೆ ಅಲ್ವಾ?" ಅಂದಳು.

"ಏನ?"

"ಮೈನಸ್ಸ."

"ಗೊತ್ತಾಗಿತ್ತಾ? ಮತ್ತೆ ಯಾಕ್ ಹೇಳ್ಲಿಲ್ಲ?"

"ಯೋಳುದ್ರೆ ನೀ ಬರ್ಕೊತೀಯ. ನಿನ್ ಪುಸ್ತಕ್ದಲ್ಲಿ, ನಿನ್ ಅಕ್ಷರ್ದಲ್ಲಿ." ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮಾಮೂಲಿ ದನಿಯಲ್ಲೇ ಅಂದಳು. "ನನ್ ಎಸ್ರಲ್ಲಿ ಒಂದೇ ಒಂದ್ ಪೇಪರ್ ಬರೀಬೇಕು ಅಂತಿತ್ತು ಕಣವ್ವ. ಪಾಸೋ ಫೇಲೋ, ನಂದೇ."

ಈಗಲಾದರೂ ಅಣ್ಣನಿಗೆ ಹೇಳುತ್ತೇನೆ, ಇವತ್ತೇ ಫೋನ್ ಮಾಡುತ್ತೇನೆ ಅಂದೆ. ನನ್ನ ದನಿ ನನಗೇ ಕಳ್ಳದನಿಯಂತೆ ಕೇಳಿತು.

"ಕಳ್ದ್ ವರ್ಸ ನಿಮ್ಮಣ್ಣಂಗೆ ನಾನೇ ಯೋಳ್ದೆ," ಅಂದಳು. "ಈಗ್ಯಾಕ್ ಬುಡು, ಮಗ್ಳು ಓದೋ ಕಾಲ ಅಂದ್ರು. ಆಮ್ಯಾಲೆ ಅಂದ್ರು, ನನ್ ತಂಗಿ ಆವಾಗ್ಲೇ ಒಂದ್ ಮಾತ್ ಅಂದಿದ್ರೆ ಸೇರ್ಸ್ಬುಡ್ತಿದ್ನಲ್ಲ ಅಂತ."

ಬಸ್ಸು ಬಂತು. ಜೋಳದ ಚೀಲ ನನ್ನ ಕೈಗೆ ಕೊಟ್ಟು, ಅಂಟು ತಾಗೀತು ಅಂತ ತನ್ನ ಕೈ ಹಿಂದಕ್ಕೆ ತಗೊಂಡಳು.